ನೊಗ, ಮೂಕಿ, ಕೊಂಡಿ
(ರಾಜ್ಯೋತ್ಸವದ ನಿಮಿತ್ತ ಪುಣೆಯ ಕನ್ನಡ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣ)



ನಾಡಿನ ಹಿರಿಮೆ, ನುಡಿಯ ಸೊಗಸು, ಶಾಸನ, ಶಿಲ್ಪ, ವಚನ, ಕೀರ್ತನೆ ಇವುಗಳನ್ನು ಕುರಿತು ನಮಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಅನೇಕರಿದ್ದಾರೆ. ಕಾರ್ಯದರ್ಶಿಗಳು ಮನೆಗೆ ಬಂದು, “ಈ ಸಲ ತಾವೂ ನಾಲ್ಕು ಮಾತು ಆಡಬೇಕು” ಎಂದಾಗ, ಕಬ್ಬಿಣ ಉಕ್ಕುಗಳೊಡನೆ ಗುದ್ದಾಡಿ ಆಯುಷ್ಯ ಕಳೆದ ನಮ್ಮಂಥವರು ವೇದಿಕೆಯ ಮೇಲೆ ನಿಂತು ಏನು ಹೇಳಿಯೇವು ಎಂದು ಕೇಳಿದೆವು. “ಗೊತ್ತಿದ್ದುದನ್ನೇ ಹೇಳಿರಿ” ಎಂದರು. ಹಾಗಾಗಿ ನಾವು ಇಂದು ಗಾಡಿಯ ನೊಗ ಮೂಕಿಗಳ ಮಾತನ್ನೂ, ಅವುಗಳ ವಂಶದಲ್ಲೇ ಹುಟ್ಟಿದ ಟ್ರ್ಯಾಕ್ಟರಿನ ಕೊಂಡಿಯ ಮಾತನ್ನೂ ಎತ್ತಿಕೊಂಡಿದ್ದೇವೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತಾಯಿತು. ನಗಲಿ, ಅಡ್ಡಿಯಿಲ್ಲ.

ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಬಹಳ ಜನಕ್ಕೆ ಊರಲ್ಲಿ ಇನ್ನೂ ಎರಡೆಕರೆಯೋ ಹತ್ತೆಕರೆಯೋ ಭೂಮಿ ಇದೆ. ಅಣ್ಣನೋ ಕಾಕಾನೋ ನೋಡಿಕೊಳ್ಳುತ್ತಾರೆ. “ಟ್ರ್ಯಾಕ್ಟರಿನ ಕಂತಿಗೆ ಇಷ್ಟು ಕಳಿಸು” ಎಂದು ಹೇಳಿಕಳಿಸಿದರೆ ಕಳಿಸುತ್ತೇವೆ. ಹಬ್ಬಕ್ಕೆ ಹೋದಾಗ ಹೊಸ ಟ್ರ್ಯಾಕ್ಟರಿನ ಬಣ್ಣ ನೋಡಿ ಸಂತೋಷಪಡುತ್ತೇವೆ, ಎಷ್ಟು ಕುದುರೆ ಶಕ್ತಿ ಎಂದು ಕೇಳುತ್ತೇವೆ. ಅದರ ಹಿಂದೆ ಟ್ರೇಲರನ್ನು ಹಿಡಿದಿಟ್ಟಿರುವ ಪಿನ್ನು ಯಾವುದು, ಎಷ್ಟು ಸವೆದಿದೆ ಎಂದು ಬಗ್ಗಿ ನೋಡಿದವರು ಎಷ್ಟು ಮಂದಿ? ಎಳೆಯುವುದರ ಬೆಲೆ ನಮಗೆ ಗೊತ್ತು, ಎಳೆಸಿಕೊಳ್ಳುವುದರ ತೂಕವೂ ಗೊತ್ತು. ಅವೆರಡೂ ಕೂಡುವ ಅಂಗುಲದಷ್ಟು ಜಾಗ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಎತ್ತಿನ ಕೊರಳು ಹುಣ್ಣಾಗುವುದು ಅಲ್ಲಿ, ಮನುಷ್ಯರ ಪ್ರಾಣ ಹೋಗುವುದೂ ಅಲ್ಲೇ.

ಮೊದಲು ಎತ್ತಿನ ಗಾಡಿಯನ್ನೇ ನೋಡೋಣ. ನಮ್ಮ ಕಡೆ ಚಕ್ಕಡಿ ಎನ್ನುತ್ತಾರೆ, ಮೈಸೂರ ಕಡೆಯವರು ಗಾಡಿ ಎನ್ನುತ್ತಾರೆ, ಬಂಡಿ ಎಂಬ ಮಾತು ಎಲ್ಲ ಕಡೆಗೂ ಉಂಟು. ಹೆಸರು ಏನೇ ಇರಲಿ, ಅಚ್ಚಿನ ಮೇಲೆ ಕುಳಿತ ಚೌಕಟ್ಟು, ಅದರಿಂದ ಮುಂದಕ್ಕೆ ಚಾಚಿದ ಮೂಕಿ, ಮೂಕಿಯ ತುದಿಗೆ ಮಿಣಿಯಿಂದ ಬಿಗಿದ ನೊಗ, ನೊಗದ ಎರಡು ತುದಿಗಳಲ್ಲಿ ಗೂಟಗಳು, ಕೊರಳ ಕೆಳಗೆ ಬಳಸಿ ಬರುವ ಜತ್ತಿಗೆ, ಇಷ್ಟೇ ಅದರ ಸಂಸಾರ. ನಮ್ಮ ದೇಶದ ಎತ್ತಿಗೆ ಇಣಿ ಇರುವುದು ದೇವರು ಕೊಟ್ಟ ಅನುಕೂಲ. ನೊಗ ಇಣಿಯ ಮುಂದೆ ಕುಳಿತು ಹಿಂದಕ್ಕೆ ಜಾರದೆ ನಿಲ್ಲುತ್ತದೆ. ಎತ್ತು ನೊಗವನ್ನು ಮುಂದಕ್ಕೆ ನೂಕುತ್ತದೆ, ಗಾಡಿ ಹಿಂದೆ ಬರುತ್ತದೆ. ‘ಎಳೆಯುತ್ತದೆ’ ಎಂದು ನಾವು ಬಾಯಿಮಾತಿಗೆ ಹೇಳುತ್ತೇವೆ, ಅಷ್ಟೆ.

ನೂಕುವ ಕೆಲಸದ ಜೊತೆಗೆ ಹೊರುವ ಕೆಲಸವೂ ಆ ಕೊರಳಿಗೇ ಬಿದ್ದಿದೆ ಎಂಬುದನ್ನು ಮರೆಯಲಾಗದು. ಎರಡು ಗಾಲಿಯ ಗಾಡಿ ಎಂದರೆ ತಕ್ಕಡಿಯಿದ್ದಂತೆ, ಅಚ್ಚೇ ಅದರ ಮುಳ್ಳು. ಹೇರು ಅಚ್ಚಿನ ಮುಂದಾದರೆ ಮುಂಭಾರ, ಹಿಂದಾದರೆ ಹಿಂಭಾರ. ಈ ಎರಡು ಮಾತುಗಳು ನಮ್ಮ ಒಕ್ಕಲಿಗರ ಬಾಯಲ್ಲಿ ಎಷ್ಟು ಕಾಲದಿಂದ ಇವೆಯೋ! ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಅಧ್ಯಾಯ ಓದಿ ತಿಳಿಯುವುದೆಲ್ಲ ಆ ಎರಡು ಮಾತಿನಲ್ಲಿ ಅಡಗಿದೆ.

ಸ್ವಲ್ಪ ಲೆಕ್ಕ ಮಾಡೋಣ, ಮಕ್ಕಳೂ ಕೇಳಲಿ. ಗಾಡಿಯೂ ಹೇರೂ ಸೇರಿ 1000 ಕಿಲೋ ಎನ್ನಿ. ಅಚ್ಚಿನಿಂದ ನೊಗಕ್ಕೆ 3 ಮೀಟರ್ ದೂರ. ಒಟ್ಟು ಭಾರದ ನಡುಬಿಂದು ಅಚ್ಚಿಗಿಂತ 15 ಸೆಂಟಿಮೀಟರ್ ಮುಂದಿದ್ದರೆ ನೊಗದ ಮೇಲೆ ಬೀಳುವ ಭಾರ 50 ಕಿಲೋ, ಒಂದೊಂದು ಕೊರಳಿಗೆ 25. ಇದು ಹಿತವಾದದ್ದು, ನೊಗ ಕುಣಿಯದೆ ಕೂತಿರಲು ಇಷ್ಟು ಬೇಕೇ ಬೇಕು. ಅದೇ ಬಿಂದು 45 ಸೆಂಟಿಮೀಟರ್ ಮುಂದೆ ಹೋದರೆ ಕೊರಳೊಂದಕ್ಕೆ 75 ಕಿಲೋ. ಹೇರಿನಲ್ಲಿ ಒಂದು ಕಾಳು ಹೆಚ್ಚಾಗಿಲ್ಲ, ಚೀಲಗಳನ್ನು ಇಟ್ಟ ಜಾಗ ಬದಲಾಗಿದೆ, ಅಷ್ಟರಿಂದಲೇ ಎತ್ತಿನ ಪಾಲಿಗೆ ಮೂರರಷ್ಟು ಶಿಕ್ಷೆ.

ಹಿಂಭಾರವಾದರೋ ಇನ್ನೂ ಕೆಟ್ಟದ್ದು. ಮೂಕಿ ಮೇಲಕ್ಕೇಳುತ್ತದೆ, ನೊಗವನ್ನು ಹಿಡಿದಿಟ್ಟ ಜತ್ತಿಗೆ ಕೆಳಗಿನಿಂದ ಗಂಟಲನ್ನು ಒತ್ತುತ್ತದೆ, ಎತ್ತು ನಾಲಿಗೆ ಹೊರಚಾಚಿ ನಿಲ್ಲುತ್ತದೆ. ನಾವು ಅದನ್ನು ಮೊಂಡು ಎತ್ತು ಎನ್ನುತ್ತೇವೆ. ಘಟ್ಟದಲ್ಲಿ ಈ ಲೆಕ್ಕ ಗಳಿಗೆಗೊಮ್ಮೆ ಬದಲಾಗುತ್ತದೆ. ಹೇರಿನ ನಡುಬಿಂದು ಅಚ್ಚಿಗಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ, ಹತ್ತಕ್ಕೆ ಒಂದರಷ್ಟು ಏರಿನಲ್ಲಿ ಅದು ಸುಮಾರು 10 ಸೆಂಟಿಮೀಟರ್ ಹಿಂದಕ್ಕೆ ಸರಿದಂತೆ, ಇಳಿಜಾರಿನಲ್ಲಿ ಅಷ್ಟೇ ಮುಂದಕ್ಕೆ ಬಂದಂತೆ. ಬಯಲಿನಲ್ಲಿ 15 ಸೆಂಟಿಮೀಟರ್ ಮುಂದಿದ್ದ ಹೇರು ಏರಿನಲ್ಲಿ ನೊಗಕ್ಕೆ 17 ಕಿಲೋ ಹಾಕಿದರೆ ಇಳಿಜಾರಿನಲ್ಲಿ 83 ಕಿಲೋ ಹಾಕುತ್ತದೆ. ಮೇಲೆ ಮೇಲೆ ಒಟ್ಟಿದ ಮೇವಿನ ಗಾಡಿ ಘಟ್ಟದಲ್ಲಿ ಎತ್ತನ್ನು ಕಾಡುವುದು ಇದಕ್ಕೇ. ಎತ್ತರ ಹೆಚ್ಚಿದಷ್ಟೂ ಈ ಓಲಾಟ ಹೆಚ್ಚು.

ಪುಣೆಯವರಿಗೆ ಘಟ್ಟವೆಂದರೆ ದಿವೆ ಘಾಟು ನೆನಪಾಗಬೇಕು. ಆಳಂದಿಯಿಂದ ಹೊರಟ ಜ್ಞಾನೇಶ್ವರ ಮಹಾರಾಜರ ಪಾಲಖಿ ಪುಣೆಯಲ್ಲಿ ತಂಗಿ, ಹಡಪಸರವನ್ನು ದಾಟಿ ಆ ಘಾಟನ್ನೇರಿ ಸಾಸವಡಕ್ಕೆ ಹೋಗುತ್ತದೆ. ಅಲ್ಲಿ ರಥಕ್ಕೆ ಹೆಚ್ಚಿನ ಜೋಡಿ ಎತ್ತುಗಳನ್ನು ಹೂಡುತ್ತಾರೆ. ನಮ್ಮಲ್ಲಿ ಎಷ್ಟೋ ಜನ ರಸ್ತೆಯ ಬದಿಗೆ ನಿಂತು ಕೈಮುಗಿದವರೇ. ಮುಂದಿನ ವರ್ಷ ಕೈಮುಗಿದ ಮೇಲೆ ಒಂದಿಷ್ಟು ಸರಪಳಿಯ ಕಡೆಗೂ ನೋಡಿರಿ. ಮುಂದಿನ ಜೋಡಿಯ ಎಳೆತ ಮೂಕಿಯ ನೇರಕ್ಕೆ ಬರಬೇಕು. ಸರಪಳಿ ಮುಂದಕ್ಕೆ ಇಳಿಜಾರಾಗಿದ್ದರೆ ಅವು ಎಳೆದಷ್ಟೂ ಮೂಕಿ ಕೆಳಕ್ಕೆ ಜಗ್ಗಿ, ಹಿಂದಿನ ಜೋಡಿಯ ಕೊರಳ ಮೇಲೆ ಭಾರ ಬೀಳುತ್ತದೆ. ಸಹಾಯಕ್ಕೆ ಬಂದ ನೆಂಟರು ಮನೆಯವರ ತಲೆಯ ಮೇಲೆ ಕೂತ ಹಾಗೆ!

ಇನ್ನು ಜೋಡಿಯ ಮಾತು. ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ನಾವು ಗಂಡಹೆಂಡಿರ ಜಗಳಕ್ಕೂ ಪಂಚಾಯತಿಯ ಜಗಳಕ್ಕೂ ಬಳಸಿ ಸವೆಸಿದ್ದೇವೆ. ಅದು ಮೊದಲು ನೊಗದ ಗಾದೆ. ಒಂದು ಎತ್ತು ಬಲಿಷ್ಠ, ಇನ್ನೊಂದು ಎಳೆಯದಾದರೆ ತಿಳಿದ ಒಕ್ಕಲಿಗ ಕಟ್ಟನ್ನು ನೊಗದ ನಟ್ಟನಡುವೆ ಹಾಕುವುದಿಲ್ಲ, ಬಲಿಷ್ಠ ಎತ್ತಿನ ಕಡೆಗೆ ಕೆಲವು ಬೆರಳು ಸರಿಸಿ ಕಟ್ಟುತ್ತಾನೆ. ಕೊರಳಿಂದ ಕೊರಳಿಗೆ 120 ಸೆಂಟಿಮೀಟರ್ ಇದ್ದು, ಕಟ್ಟು 6 ಸೆಂಟಿಮೀಟರ್ ಸರಿದರೆ ನೂರರಲ್ಲಿ 55 ಪಾಲು ಬಲ್ಲಿದನಿಗೆ, 45 ಪಾಲು ಎಳೆಯನಿಗೆ. ಒಂದು ಕಾಸಿನ ಖರ್ಚಿಲ್ಲದೆ ನ್ಯಾಯ ತೀರಿತು. ಮೈಸೂರು ಸೀಮೆಯ ಹಳ್ಳಿಕಾರ್ ಇರಲಿ, ವಿಜಯಪುರ ಸೊಲ್ಲಾಪುರ ಎರಡೂ ಕಡೆಯವರು ‘ನಮ್ಮದು’ ಎನ್ನುವ ಖಿಲಾರಿ ಇರಲಿ, ಎತ್ತು ದಿನವಿಡೀ ದುಡಿಯುವಾಗ ತನ್ನ ಮೈತೂಕದ ಹತ್ತರಲ್ಲೊಂದು ಪಾಲಿನಷ್ಟು ಬಲದಿಂದ ಎಳೆಯಬಲ್ಲದು, ಒಂದಿಷ್ಟು ಹೆಚ್ಚು. ಇದಕ್ಕೆ ಮಿಕ್ಕಿ ಬೇಡಿದರೆ ಸಾಲ ಮಾಡಿದಂತೆ, ಅದನ್ನು ಕೊರಳೇ ತೀರಿಸಬೇಕು.

ದುರಸ್ತಿಯ ವಿಷಯಕ್ಕೆ ಬಂದರೆ, ಹಿಂದೆ ಬಡಿಗ ಕಂಬಾರರು ವರ್ಷದ ಆಯಕ್ಕೆ ಈ ಕೆಲಸ ಮಾಡಿಕೊಡುತ್ತಿದ್ದರು. ಇಲ್ಲಿಯ ಬಲುತೇದಾರರ ಪದ್ಧತಿಯೂ ಅದೇ. ಸುಗ್ಗಿಯಲ್ಲಿ ಕಾಳು ಕೊಟ್ಟರಾಯಿತು, ವರ್ಷದಲ್ಲಿ ಎಷ್ಟು ಸಲ ಮೂಕಿ ಅಲುಗಿದರೂ ಅವರೇ ನೋಡಬೇಕು. ಹೀಗಾಗಿ ಸಣ್ಣ ಸಡಿಲು ಸಣ್ಣದಿದ್ದಾಗಲೇ ಬಿಗಿಯುತ್ತಿತ್ತು. ಈಗ ಪ್ರತಿ ಸಲಕ್ಕೂ ರೊಕ್ಕ ಎಣಿಸಬೇಕಾದ್ದರಿಂದ ಮುರಿಯುವವರೆಗೂ ಯಾರೂ ಹೋಗುವುದಿಲ್ಲ. ಆಯದ ಪದ್ಧತಿಯಲ್ಲಿ ಅನ್ಯಾಯ ಬಹಳವಿತ್ತು, ಅದು ಹೋದದ್ದೇ ಒಳ್ಳೆಯದು. ಆದರೆ ಅದರೊಡನೆ ಈ ಲಾಭವೂ ಹೋಯಿತು.

ಮೂಕಿ ಸೀಳುವುದು ಸಾಮಾನ್ಯವಾಗಿ ಎರಡು ಕಡೆ, ಚೌಕಟ್ಟಿನೊಳಗೆ ಹೊಗುವಲ್ಲಿ ಮತ್ತು ನೊಗ ಕಟ್ಟುವಲ್ಲಿ. ಎಳೆಯುದ್ದಕ್ಕೆ ಸೀಳಿದ್ದರೆ ಹೆದರಬೇಕಿಲ್ಲ, ಕಂಬಾರನಿಂದ ಕಬ್ಬಿಣದ ಬಳೆ ಕಾಸಿ ತೊಡಿಸಿದರೆ ಆರಿದಂತೆ ಅದು ಕುಗ್ಗಿ ಬಿಗಿಯುತ್ತದೆ. ಬೋಲ್ಟು ಹಾಕಲು ಅಲ್ಲೇ ಹೊಸ ತೂತು ಕೊರೆಯುವುದು ಮಾತ್ರ ಬೇಡ, ಗಾಯಕ್ಕೆ ಇನ್ನೊಂದು ಗಾಯ ಮಾಡಿದಂತೆ. ಬಿರುಕು ಅಡ್ಡಕ್ಕೆ ಬಂದಿದ್ದರೆ ಆ ಮರವನ್ನು ಒಲೆಗೆ ಕೊಡಬೇಕು. ನೊಗದ ಅಡಿಭಾಗ ಕೊರಳಿಗೆ ತಾಗುವಲ್ಲಿ ಅಂಗೈಯಿಂದ ಸವರಿ ನೋಡಬೇಕು. ನಿಮ್ಮ ಅಂಗೈಗೆ ಚುಚ್ಚಿದ್ದು ಎತ್ತಿಗೂ ಚುಚ್ಚುತ್ತದೆ. ಏಣು ಇದ್ದರೆ ಕೆತ್ತಿಸಿ ದುಂಡು ಮಾಡಿಸಬೇಕು. ಮಳೆಯಲ್ಲಿ ತೊಯ್ದ ಕೊರಳು ಬೇಗ ಹುಣ್ಣಾಗುತ್ತದೆ. ಹುಣ್ಣಾದ ಎತ್ತಿಗೆ ಮೊದಲ ಔಷಧ ನೊಗ ಇಳಿಸುವುದು, ಕೀಲೆಣ್ಣೆ ಮೆತ್ತುವುದಲ್ಲ.

ಮರಾಠಿ ಬಂಧುಗಳು ಪೋಳಾದ ಹಿಂದಿನ ಸಂಜೆ ಎತ್ತಿನ ಹೆಗಲಿಗೆ ತುಪ್ಪ ಅರಿಶಿನ ಹಚ್ಚಿ ಮಾಲೀಸು ಮಾಡುತ್ತಾರೆ, ಖಾಂದೇಮಳಣಿ ಎಂದು ಅದಕ್ಕೆ ಹೆಸರು. ನಮ್ಮ ಕಾರಹುಣ್ಣಿಮೆಯಲ್ಲಿ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯುವ ಗದ್ದಲ ಹೆಚ್ಚು. ಇವರದು ನೇರವಾಗಿ ಕೊರಳಿಗೇ ಸಲ್ಲುವ ಪೂಜೆ. ನಮಗೆ ಇದು ಹೆಚ್ಚು ಹಿಡಿಸುತ್ತದೆ ಎಂದರೆ ರಾಜ್ಯೋತ್ಸವದ ದಿನ ಯಾರೂ ಮುನಿಯಬಾರದು!

ಕಳೆದ ಶತಮಾನದಲ್ಲಿ ಈ ಗಾಡಿಗೆ ಒಂದು ದೊಡ್ಡ ಬದಲಾವಣೆ ಬಂತು. ಕಬ್ಬಿಣದ ಪಟ್ಟಿಯ ಕಟ್ಟಿಗೆ ಗಾಲಿ ಹೋಗಿ ರಬ್ಬರ್ ಟಾಯರು ಬಂತು. ‘ಡನ್ಲಪ್ ಗಾಡಿ’ ಎಂಬ ಹೆಸರು ಕೇಳದವರಿಲ್ಲ. ಮೆತ್ತನೆಯ ನೆಲದಲ್ಲಿ ಹೂಳದೆ ಹಗುರಾಗಿ ಉರುಳುವ ಗಾಲಿ. ಎತ್ತಿಗೆ ಸುಖವಾಗಬೇಕಾಗಿತ್ತು, ಆದರೆ ಗಾಲಿ ಹಗುರಾದಷ್ಟೂ ನಾವು ಹೇರನ್ನು ಹೆಚ್ಚಿಸಿದೆವು. ಗಾಲಿ ಹೊಸದಾಯಿತು, ನೊಗ ಅಜ್ಜನ ಕಾಲದ್ದೇ ಉಳಿಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನೇ ವ್ರತದಂತೆ ಹಿಡಿದರು. ಅಷ್ಟು ದೊಡ್ಡ ಸಂಸ್ಥೆಯವರು ಗಾಡಿಯ ಹಿಂದೆ ಬಿದ್ದರಲ್ಲ ಎಂದು ಆಗ ಆಶ್ಚರ್ಯಪಟ್ಟವರಿದ್ದರು. ಅವರು ಗಾಲಿ ಅಚ್ಚುಗಳ ಜೊತೆಗೆ ನೊಗದ ಮಾತನ್ನೂ ಎತ್ತಿದರು. ಇಡೀ ಎಳೆತ ಕೊರಳಿನ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆಂಬುದೇ ಅವರ ಕೊರಗು. ಅದಕ್ಕೂ ಮೊದಲು, 1965ರಲ್ಲಿ, ಭಾರ ಎಳೆಯುವ ಪ್ರಾಣಿಗಳ ಬಗ್ಗೆ ಕೇಂದ್ರ ಸರಕಾರ ನಿಯಮಗಳನ್ನು ಮಾಡಿತು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಹೇರಿಗೂ ಮಿತಿಯುಂಟು. ಕಬ್ಬಿನ ಹಂಗಾಮಿನಲ್ಲಿ ಈ ನಿಯಮದ ಹಾಳೆಯನ್ನು ಯಾರೂ ತೆರೆದದ್ದನ್ನು ನಾವು ಕಂಡಿಲ್ಲ.

ಕಬ್ಬು ಎಂದೊಡನೆ ಒಂದು ಮಾತು ನೆನಪಾಯಿತು. ಬಾರಾಮತಿಯ ಕಡೆ ಒಂದು ಸಕ್ಕರೆ ಕಾರಖಾನೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತ ಗಾಡಿಗಳ ನಡುವೆ ಕನ್ನಡ ಕೇಳಿಸಿತು. ವಿಜಯಪುರ ಜಿಲ್ಲೆಯಿಂದ ಹೆಂಡತಿ ಮಕ್ಕಳೊಡನೆ ಕಬ್ಬು ಕಡಿಯಲು ಬಂದವರು. “ಯಾವೂರ್ರೀ ಯಜಮಾನ್ರ ನಿಮ್ದು?” ಎಂದೆವು. “ಇಂಡಿ ತಾಲೂಕಿನವ್ರು ನಾವು, ನೀವು ನಮ್ಮ ಕಡೆಯವ್ರೇನ್ರೀ?” ಎಂದು ಮುಖವರಳಿಸಿದರು. ಹೇರು ಸಮನಾಗಿದೆಯೆಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿದಾಗ ಹಿರಿಯರು ನಕ್ಕು, “ಎತ್ತು ಹೂಡೂಕಿಂತ ಮೊದ್ಲ ಮೂಕಿ ನಾ ಒಬ್ಬನ ಎತ್ತಿ ನೋಡ್ತೀನ್ರೀ. ನನಗ ಎದ್ರ ಎತ್ತಿಗೂ ಏಳ್ತದ. ಏಳ್ಲಿಲ್ಲಂದ್ರ ಎರಡು ಹೊರಿ ಹಿಂದ ಹಾಕ್ತೀನಿ” ಎಂದರು. ಕಬ್ಬಿನ ಬುಡ ಭಾರ, ತುದಿ ಹಗುರ. ಆದ್ದರಿಂದ ಕೆಲವು ಹೊರೆಗಳ ಬುಡ ಮುಂದೆ, ಕೆಲವುಗಳ ಬುಡ ಹಿಂದೆ ಮಾಡಿ ಅವರು ತೂಕ ಹೊಂದಿಸಿದ್ದರು. ಇಷ್ಟು ತಿಳಿದ ಆ ಹಿರಿಯರ ಎತ್ತಿನ ಕೊರಳಲ್ಲೂ ಹುಣ್ಣಿತ್ತು. ತಿಳಿವಳಿಕೆ ಅವರದು, ಖೇಪಿನ ಲೆಕ್ಕ ಬೇರೆಯವರದು.

ನೇಗಿಲಿಗೂ ಇದೇ ನ್ಯಾಯ. ನೊಗವನ್ನು ಈಸಿನ ಮೇಲೆ ಮುಂದಕ್ಕೆ ಕಟ್ಟಿದರೆ ಕುಳ ಆಳಕ್ಕಿಳಿಯುತ್ತದೆ, ಹಿಂದಕ್ಕೆ ಕಟ್ಟಿದರೆ ಮೇಲೆ ಬರುತ್ತದೆ. ಕಬ್ಬಿಣದ ನೇಗಿಲು ಬಂದಾಗ ಅದರ ಮೂತಿಗೆ ಹಲವು ತೂತುಗಳ ಕೊಂಡಿ ಬಂತು. ಸರಪಳಿಯನ್ನು ಮೇಲಿನ ತೂತಿಗೆ ಹಾಕಿದರೆ ಆಳ, ಕೆಳಗಿನದಕ್ಕೆ ಹಾಕಿದರೆ ತೆಳುವು. ಆ ನೇಗಿಲನ್ನು ಈ ಸೀಮೆಗೆ ತಂದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಮೊದಲು ಹೆದರಿದ್ದರು. ಪುಣೆಯ ಖಡಕಿಯ ಕಡೆಗೆ ಕೆಲಸಕ್ಕೆ ಹೋಗುವ ನಮ್ಮ ಜನಕ್ಕೆ ಆ ಹೆಸರು ದಿನನಿತ್ಯದ್ದು, ಅದರ ಬೇರು ಮಲಪ್ರಭೆಯ ಸೀಮೆಯದೆಂದು ಮಕ್ಕಳಿಗೆ ಹೇಳಿರಿ.

ಈಗ ಟ್ರ್ಯಾಕ್ಟರು. ಎತ್ತಿಗೆ ನೋವಾದರೆ ನಿಲ್ಲುತ್ತದೆ, ಟ್ರ್ಯಾಕ್ಟರು ನಿಲ್ಲುವುದಿಲ್ಲ. ಕೆಸರಲ್ಲಿ ಸಿಕ್ಕಿದ ಟ್ರೇಲರನ್ನೋ ಮರದ ಬೊಡ್ಡೆಯನ್ನೋ ಎಳೆಯಲು ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲೋ ಬಿಗಿದರೆ, ಗಾಲಿ ತಿರುಗದೆ ಟ್ರ್ಯಾಕ್ಟರೇ ಅಚ್ಚಿನ ಸುತ್ತ ತಿರುಗುತ್ತದೆ. ಮುಂಗಾಲಿ ಎದ್ದು ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಬೇಡ, ನಡೆಸುವವನಿಗೆ ಕ್ಲಚ್ ಒತ್ತಲು ಪುರುಸೊತ್ತಿರುವುದಿಲ್ಲ. ಮೊದಲ ಮಹಾಯುದ್ಧದ ಕಾಲಕ್ಕೆ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಎಂಬ ಯಂತ್ರಗಾರ ಈ ಅಪಾಯವನ್ನು ಕಂಡೇ ಮೂರು ಕೈಗಳ ಜೋಡಣೆಯ ಯೋಚನೆಗೆ ತೊಡಗಿದ. ಇಂದು ಪ್ರತಿ ಟ್ರ್ಯಾಕ್ಟರಿನ ಹಿಂದೆ ಇರುವ ಎರಡು ಕೆಳಗೈ, ಒಂದು ಮೇಲ್ಗೈ ಆತನ ಬುದ್ಧಿಯ ಫಲ. ಆ ಮೇಲ್ಗೈಯ ಜಾಗಕ್ಕೆ ಸರಪಳಿ ಕಟ್ಟಿ ಎಳೆಯುವುದು ಮಾತ್ರ ಸಾವನ್ನು ಕರೆದಂತೆ. ಎಳೆಯುವುದಕ್ಕೆ ಕೆಳಗಿನ ಡ್ರಾಬಾರು ಒಂದೇ ಜಾಗ. ಊರಿಗೆ ಹೋದಾಗ ಮತ್ತೇನೂ ಹೇಳದಿದ್ದರೂ ಇದನ್ನು ಹೇಳಿರಿ.

ಎರಡು ಗಾಲಿಯ ಟ್ರೇಲರಿಗೂ ಮುಂಭಾರ ಹಿಂಭಾರದ ಶಾಸ್ತ್ರವೇ. ಹೇರು ಸ್ವಲ್ಪ ಮುಂದಿರಬೇಕು. ಹಿಂಭಾರವಾದರೆ ಅದು ಟ್ರ್ಯಾಕ್ಟರಿನ ಹಿಂಬದಿಯನ್ನು ಮೇಲೆತ್ತಿ ಗಾಲಿಯ ಹಿಡಿತ ಕಳೆಯುತ್ತದೆ. ಕೊಂಡಿ ಹಾಕಿದ ಮೇಲೆ ಟ್ರೇಲರಿನ ಮೂಕಿ ನೆಲಕ್ಕೆ ಸಮನಾಗಿದೆಯೇ ಎಂದು ಹತ್ತು ಹೆಜ್ಜೆ ದೂರ ನಿಂತು ನೋಡಿದರೆ ಕಾಣುತ್ತದೆ. ಇಲ್ಲದಿದ್ದರೆ ಡ್ರಾಬಾರನ್ನು ಏರಿಸಿ ಇಳಿಸಿ ಸರಿಮಾಡಬೇಕು. ಸೊಗಸಾಗಿ ಹಾಡು ಹಾಕಿಕೊಂಡು, ಎರಡೆರಡು ಟ್ರೇಲರು ಜೋಡಿಸಿಕೊಂಡು ರಾತ್ರಿಯ ಹೊತ್ತು ಹೋಗುವ ಹುಡುಗರು ಇದನ್ನು ನೋಡುವುದಿಲ್ಲ. ಹಿಂದಿನದಕ್ಕೆ ಬ್ರೇಕೂ ಇಲ್ಲ, ದೀಪವೂ ಇಲ್ಲ. ಡ್ರಾಬಾರಿನ ಮೇಲೆ ಒಬ್ಬ ಕುಳಿತಿರುತ್ತಾನೆ.

ಮೇಜಿನ ಮೇಲೆ ಎರಡು ಪಿನ್ನುಗಳನ್ನಿಟ್ಟಿದ್ದೇವೆ. ಒಂದು ಹೊಸದು, ದಪ್ಪ 30 ಮಿಲಿಮೀಟರ್. ಇನ್ನೊಂದು ಅದೇ ಅಳತೆಯದು, ಉಪಯೋಗದಿಂದ ಸವೆದು ನಡುವೆ 24ಕ್ಕೆ ಇಳಿದಿದೆ. ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣದು, ಐದರಲ್ಲೊಂದು ಪಾಲು ಹೋಯಿತಷ್ಟೆ ಎನಿಸುತ್ತದೆ. ಕತ್ತರಿಸಿಹೋಗದಂತೆ ತಡೆಯುವ ಅದರ ಶಕ್ತಿ ನೂರಕ್ಕೆ 64ಕ್ಕೆ ಇಳಿದಿದೆ, ಬಾಗದಂತೆ ತಡೆಯುವ ಶಕ್ತಿ ಅರ್ಧಕ್ಕೆ ಬಂದಿದೆ. ಪಿನ್ನು ಸವೆದಂತೆ ತೂತೂ ಹಿಗ್ಗುತ್ತದೆ, ಸಡಿಲಾದ ಕೊಂಡಿ ಪ್ರತಿ ಬ್ರೇಕಿಗೂ ಠಕ್ಕೆಂದು ಸುತ್ತಿಗೆ ಬಡಿದಂತೆ ಬಡಿಯುತ್ತದೆ. ಆ ಸದ್ದು ಕೇಳಿದ ದಿನವೇ ಎರಡನ್ನೂ ಬದಲಿಸಬೇಕು. ಮನೆ ಕಟ್ಟಿಸುವಾಗ ಉಳಿದ ಸಲಾಕೆಯ ತುಂಡನ್ನು ತುರುಕುವುದು, ಸವೆದ ಕೊಂಡಿಗೆ ಬೆಸುಗೆ ಮೆತ್ತಿ ದಪ್ಪ ಮಾಡುವುದು, ಇವೆರಡೂ ಹಳ್ಳಿಯಲ್ಲಿ ನಡೆಯುತ್ತವೆ. ಹದಗೊಳಿಸಿದ ಉಕ್ಕಿಗೆ ಹಾಗೆ ಬೆಸುಗೆ ಹಾಕಿದರೆ ಅದು ಗಾಜಿನಂತೆ ಬಿರುಸಾಗಬಹುದು, ಮುರಿಯುವಾಗ ಮುನ್ಸೂಚನೆ ಕೊಡದು.

ಪಿನ್ನು ಮೇಲಕ್ಕೆ ನೆಗೆಯದಂತೆ ಕೆಳತುದಿಗೆ ಕ್ಲಿಪ್ಪು ಬೇಕು, ಸುತ್ತಿದ ತಂತಿ ಸಾಲದು. ಟ್ರೇಲರಿನಿಂದ ಟ್ರ್ಯಾಕ್ಟರಿಗೆ ಒಂದು ಗಟ್ಟಿ ಸರಪಳಿ, ತಿರುವಿನಲ್ಲಿ ಬಿಗಿಯದಷ್ಟು ಸಡಿಲಾಗಿ. ಪಿನ್ನು ಹೋದರೂ ಟ್ರೇಲರು ಹಿಂದಿನವರ ಮೇಲೆ ಹೋಗದಂತೆ ಅದು ಹಿಡಿಯುತ್ತದೆ. ಇವೆಲ್ಲ ಸೇರಿ ತಗಲುವ ಹಣ ಟ್ರ್ಯಾಕ್ಟರಿನ ಒಂದು ಕಂತಿನ ಬಹಳ ಸಣ್ಣ ಪಾಲು, ಪುಣೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತವೆ. ಕೊಳ್ಳುವ ಮೊದಲು ಊರಿಗೆ ಫೋನು ಮಾಡಿ ತೂತಿನ ಅಳತೆ ಕೇಳಿಕೊಳ್ಳಿರಿ. ಅಂದಾಜಿನಲ್ಲಿ ಒಯ್ದದ್ದು ಕೂಡದಿದ್ದರೆ ಮತ್ತೆ ಸಲಾಕೆಯೇ ಬರುತ್ತದೆ.

ನಮ್ಮ ಮಾತು ಮುಗಿಯಿತು. ಪಿನ್ನುಗಳನ್ನು ಮುಟ್ಟಿ ನೋಡುವವರು ಬಂದು ನೋಡಬಹುದು. ಮಕ್ಕಳು ಕಾಲ ಮೇಲೆ ಹಾಕಿಕೊಳ್ಳದಿರಲಿ, ಹೊಸದು ಸಾಕಷ್ಟು ಭಾರವಾಗಿದೆ.